ಕಾದದ್ದಕ್ಕೂ ಅಂಕವಿದೆ

ವೆಬುಯೆಯಲ್ಲಿ, ಕಾಗದದ ಗಿರಣಿಗೆ ಹೋಗುವ ರಸ್ತೆಯಲ್ಲಿ
ನನ್ನದು ನಾಲ್ಕಡಿ ಅಗಲದ ಅಂಗಡಿ:
ಒಂದು ಕಂಪ್ಯೂಟರು, ಒಂದು ಝೆರಾಕ್ಸ್ ಯಂತ್ರ, ಅಂಟಿನ ಡಬ್ಬಿ,
ಗೋಡೆಗೆ ಒರಗಿಸಿದ ಬೆಂಚು. ಅದರ ಮೇಲೆ
ಯಾವಾಗಲೂ ಯಾರೋ ಒಬ್ಬರು,
ಓದಿ ಮೇಷ್ಟ್ರಾದವರು,
ಇನ್ನೂ ಯಾವ ಶಾಲೆಗೂ ಆಗದವರು.

ಖಾಲಿ ಹುದ್ದೆಗಳ ಪಟ್ಟಿ ಬಂತೆಂದರೆ ನನಗೆ ಸುಗ್ಗಿ.
ಹೇಳಲು ನಾಚಿಕೆ, ಆದರೂ ಸುಗ್ಗಿಯೇ.
ಟೈಪಿಗೆ ಮೂವತ್ತು ಶಿಲಿಂಗ್, ನಕಲಿಗೆ ಐದು,
ಕಂದು ಲಕೋಟೆ ಬೇಕಾದರೆ ಹತ್ತು.
‘ಮಾನ್ಯರೇ’ ಎಂಬಲ್ಲಿಂದ ‘ತಮ್ಮ ವಿಶ್ವಾಸಿ’ವರೆಗೆ
ನನ್ನ ಬೆರಳಿಗೆ ಬಾಯಿಪಾಠ,
ನಡುವಿನ ಹೆಸರು ಮಾತ್ರ ಕೇಳಿ ಹಾಕುತ್ತೇನೆ.

ಸಿತಾತಿಯದಾದರೆ ಅದನ್ನೂ ಕೇಳುವುದಿಲ್ಲ.
ಗಣಿತ, ಭೌತಶಾಸ್ತ್ರ. ಪದವಿ ಮುಗಿದು ಹನ್ನೊಂದು ವರ್ಷ.
ಅವನ ಅರ್ಜಿ ನನ್ನ ಕಂಪ್ಯೂಟರಿನಲ್ಲೇ ಸಂಸಾರ ಹೂಡಿದೆ;
ಪ್ರತಿ ಸಲ ತೆರೆದು ತಾರೀಕು ತಿದ್ದುತ್ತೇನೆ,
ವಯಸ್ಸಿಗೆ ಒಂದು ಕೂಡಿಸುತ್ತೇನೆ,
ಮಕ್ಕಳ ಸಂಖ್ಯೆಗೂ ಎರಡು ಬಾರಿ ಕೂಡಿಸಿದ್ದೇನೆ.
ಮೂಲ ಪ್ರತಿ ಮನೆಯಿಂದ ಹೊರಗೆ ಬರುವುದಿಲ್ಲ,
ಅವನು ತರುವುದು ನಕಲಿನ ನಕಲು:
ಕುಲಪತಿಯ ಸಹಿ ಈಗ
ಇರುವೆ ನಡೆದ ಗುರುತು.

ಉಳಿದ ದಿನ ಬಾಡಿಗೆ ಮೋಟಾರುಬೈಕು.
ಬೆಳಗ್ಗೆ ಮೂರು ಚಿಳ್ಳೆಗಳನ್ನು ಹಿಂದೆ ಕೂರಿಸಿಕೊಂಡು
ಶಾಲೆಗೆ ಹೋಗುತ್ತಾನೆ. ಗೇಟಿನವರೆಗೆ.
ದಾರಿಯಲ್ಲಿ ಮಗ್ಗಿ ಕೇಳುತ್ತಾನಂತೆ,
ತಪ್ಪಿದರೆ
ವೇಗ ಇಳಿಸುತ್ತಾನಂತೆ.

ಈ ಸಲ ನಿಯಮ ಹೊಸದು: ಕಾದದ್ದಕ್ಕೂ ಅಂಕವಿದೆ.
ಪದವಿ ಹಳೆಯದಾದಷ್ಟೂ ಹೆಚ್ಚು.
ಸಿತಾತಿ ನಕ್ಕ: ‘ಸದ್ಯ, ನಾನು ಚೆನ್ನಾಗಿ ಓದಿಕೊಂಡ ವಿಷಯ.’

ಅಷ್ಟರಲ್ಲಿ ಬಂದಳು ನಲಿಯಾಕ.
ಕಳೆ ಕೀಳುವ ಕಾಲದಲ್ಲಿ ಹುಟ್ಟಿದವಳಿಗೆ
ನಮ್ಮಲ್ಲಿ ಇಡುವ ಹೆಸರು.
ಬಗಲಲ್ಲಿ ಪ್ಲಾಸ್ಟಿಕ್ ಫೈಲು,
ಫೈಲಿನಲ್ಲಿ ಇನ್ನೂ ಮಡಿಕೆ ಬೀಳದ ಪದವಿ.
ಗಣಿತ, ಭೌತಶಾಸ್ತ್ರ. ಅದೇ ಪ್ರೌಢಶಾಲೆ. ಇರುವ ಅದೊಂದೇ ಹುದ್ದೆ.
ಬೆಂಚಿನ ಮೇಲಿದ್ದವನನ್ನು ಕಂಡು
ಎದ್ದು ನಿಲ್ಲಬೇಕೆನಿಸಿತೇನೋ, ನಿಂತೇ ಇದ್ದಳಲ್ಲ,
ಇನ್ನಷ್ಟು ನೆಟ್ಟಗಾದಳು.
‘ಮೇಷ್ಟ್ರೇ’ ಅಂದಳು.

ಹಿಂದೆ ಎರಡು ವರ್ಷ, ಪೋಷಕರು ಚಂದಾ ಎತ್ತಿ ಕೊಟ್ಟಷ್ಟು ಸಂಬಳಕ್ಕೆ
ಅವನು ಅಲ್ಲಿ ಪಾಠ ಹೇಳಿದ್ದ.
ಕೆಲವು ತಿಂಗಳು ಸಂಬಳವೆಂದರೆ ಅರ್ಧ ಚೀಲ ಮೆಕ್ಕೆಜೋಳ.
ಅವಳು ಎರಡನೇ ಸಾಲು, ಕಿಟಕಿಯ ಕಡೆ.
ಸೀಮೆಸುಣ್ಣ ಮುಗಿದ ದಿನ
ಒಣಗಿದ ಮರಗೆಣಸಿನ ಚೂರಿನಿಂದಲೇ ಬರೆದನಂತೆ ಹಲಗೆಯ ಮೇಲೆ:
ನೀರಿಗೆ ಅದ್ದಿದ ಕಡ್ಡಿ ಮುರಿದಂತೆ ಕಾಣುತ್ತದೆ,
ಮುರಿದಿರುವುದಿಲ್ಲ.

ಅವಳ ಫಾರಂ ತುಂಬುತ್ತ ಬಂದೆ.
ಜನ್ಮದಿನಾಂಕ, ಧರ್ಮ, ಊರು, ಉಪ-ಜಿಲ್ಲೆ.
ಅರ್ಜಿದಾರರನ್ನು ಬಲ್ಲವರು: ಹೆಸರು, ಶಿಫಾರಸು, ಸಹಿ.
ಅವಳು ನೆಲ ನೋಡಿದಳು.
ಅವನು ಪೆನ್ನು ಕೇಳಿದ.

ಅರ್ಧ ಗಂಟೆ ಕೂತು ಬರೆದ,
ತನ್ನ ಅರ್ಜಿಗೆ ಎಂದೂ ಕೊಡದಷ್ಟು ಹೊತ್ತು.
ಒಂದು ಪದ ಹೊಡೆದು ಅದಕ್ಕಿಂತ ತೂಕದ ಪದ ಹಾಕಿದ.
ಟೈಪು ಮಾಡುವವನು ಓದಲೇಬೇಕಲ್ಲ, ಓದಿದೆ.
ಪಕ್ಕದಲ್ಲಿ ಅವನ ಹನ್ನೊಂದು ವರ್ಷದ ಹಳೇ ಸಾಲುಗಳು.
ಆಯ್ಕೆ ಸಮಿತಿಯಲ್ಲಿ ನಾನಿದ್ದಿದ್ದರೆ...
ಬಿಡಿ, ನನ್ನನ್ನು ಯಾರು ಕೇಳುತ್ತಾರೆ.

‘ಕಾದದ್ದರಲ್ಲಿ ನಿನಗೆ ಸೊನ್ನೆ’ ಅಂದ, ಕಾಗದ ಕೊಡುತ್ತ.
‘ಅದೊಂದರಲ್ಲಿ ಫೇಲಾಗು.
ಎಂದೂ ಪಾಸಾಗಬೇಡ.’

ಕಚೇರಿ ಮುಚ್ಚುವುದು ಐದಕ್ಕೆ. ಆಗಲೇ ನಾಲ್ಕೂವರೆ.
ಎರಡು ಕಂದು ಲಕೋಟೆ, ಅಂಟು ಇನ್ನೂ ಹಸಿ.
ಎರಡನ್ನೂ ಎದೆಗವುಚಿ ಅವಳು ಹಿಂದೆ ಕೂತಳು.
ಬೈಕು ಹೊರಟಿತು. ತಿರುವಿನವರೆಗೂ ನೋಡಿದೆ.
ಮಗ್ಗಿ ಕೇಳಿದನೋ ಏನೋ,
ವೇಗ ಮಾತ್ರ
ಎಲ್ಲೂ ಇಳಿಯಲಿಲ್ಲ.